ಪದಚರ್ಚೆ: ಆಹಾರದಲ್ಲಿ ‘ನಾರು’ ಎಂದರೆ ಎಳೆಯೇ?

ಪ್ರಶ್ನೆ:

ಪೌಷ್ಟಿಕ ಆಹಾರದ ಕೈಪಿಡಿಯೊಂದರ ಕನ್ನಡ ಕರಡಿನಲ್ಲಿ ಡಯಟರಿ ಫೈಬರ್‌ಗೆ ನಾರು, ನಾರಿನಂಶ, ಆಹಾರತಂತು ಎಂಬ ಮೂರೂ ಪದಗಳು ಕಲಸಿಕೊಂಡಿವೆ. ಒಂದು ವಾಕ್ಯ ಹೀಗಿದೆ: ‘ನಾರು ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ, ಮಲವನ್ನು ಗಟ್ಟಿಗೊಳಿಸುತ್ತದೆ, ಆದ್ದರಿಂದ ನಾರುವ ತರಕಾರಿಗಳನ್ನು ಹೆಚ್ಚು ತಿನ್ನಬೇಕು.’ ಇದರಲ್ಲಿ ಏನೇನು ತಿದ್ದಬೇಕು? ಸಾಲ್ಯುಬಲ್, ಇನ್‌ಸಾಲ್ಯುಬಲ್, ಕ್ರೂಡ್ ಫೈಬರ್‌ಗಳಿಗೆ ಯಾವ ಪದ ಒಪ್ಪುತ್ತದೆ?

ಉತ್ತರ 1:

ಮೊದಲು ‘ನಾರುವ’ ತೆಗೆದುಬಿಡಿ. ನಾರು ನಾಮಪದವಾದರೆ ಎಳೆ, ಕ್ರಿಯಾಪದವಾದರೆ ಕೆಟ್ಟ ವಾಸನೆ ಬೀರು. ನಾರುವ ತರಕಾರಿ ಎಂದರೆ ಕೊಳೆತ ತರಕಾರಿಯೇ. ‘ನಾರುಳ್ಳ’, ‘ನಾರು ಹೆಚ್ಚಿರುವ’ ಎನ್ನಿ.

‘ಗಟ್ಟಿಗೊಳಿಸುತ್ತದೆ’ ಎಂಬುದು ಇನ್ನೂ ದೊಡ್ಡ ತಪ್ಪು. ಮಲ ಗಟ್ಟಿಯಾಗುವುದೆಂದರೆ ನಮ್ಮ ಮಾತಿನಲ್ಲಿ ಮಲಬದ್ಧತೆ. ಮೂಲದಲ್ಲಿ ‘ಬಲ್ಕ್’ ಎಂದಿದ್ದಿರಬೇಕು, ಅದು ಗಾತ್ರ. ‘ನೀರು ಹಿಡಿದಿಟ್ಟುಕೊಂಡು ಮಲದ ಗಾತ್ರ ಹೆಚ್ಚಿಸುತ್ತದೆ, ಅದನ್ನು ಮೆತ್ತಗಿರಿಸುತ್ತದೆ’ ಎಂದರೆ ಅರ್ಥ ನೆಟ್ಟಗಾಗುತ್ತದೆ.

ತಂತು ಬೇಡ. ಆ ಪದ ನರ, ವೀಣೆಗಳ ಕಡೆಗೆ ಎಳೆಯುತ್ತದೆ. ನಾರು ಎಲ್ಲರ ಬಾಯಲ್ಲೂ ಇರುವ ಪದ, ಅದೇ ಉಳಿಯಲಿ. ಆದರೆ ಅದು ಕಣ್ಣಿಗೆ ಕಟ್ಟುವ ಚಿತ್ರ ಹುರುಳಿಕಾಯಿಯ ಅಂಚಿನಿಂದ ಸುಲಿದು ಬರುವ ದಾರದ್ದು. ತೊಡಕು ಇರುವುದು ಅಲ್ಲೇ. ಒಂದು ಚಮಚ ಇಸಬ್‌ಗೋಲನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ನೋಡಿ. ಲೋಟದೊಳಗೆ ಲೋಳೆ ಇರುತ್ತದೆ, ಒಂದು ಎಳೆಯೂ ಇರುವುದಿಲ್ಲ. ಆ ಲೋಳೆಯೇ ನಾರು. ಬೆಂದ ಓಟ್ಸ್‌ನ ಅಂಟಿನಲ್ಲಿರುವ ಬೀಟಾ ಗ್ಲುಕನ್, ಸೇಬಿನ ಪೆಕ್ಟಿನ್ ಕೂಡ ನಾರೇ. ಮಾಂಸದಲ್ಲಾದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ನಾರು ಕಾಣುತ್ತದೆ, ಆದರೆ ಅದು ಪ್ರೋಟೀನು. ಈ ಲೆಕ್ಕದಲ್ಲಿ ಅದರ ನಾರು ಸೊನ್ನೆ. ಆದ್ದರಿಂದ ವಸ್ತುವಿಗೆ ‘ನಾರು’, ಪ್ರಮಾಣಕ್ಕೆ ‘ನಾರಿನಂಶ’ ಎಂದು ಹಂಚಿಕೊಳ್ಳಿ: ‘100 ಗ್ರಾಂ ಬೆಂದ ಮಸೂರದಲ್ಲಿ ಸುಮಾರು 8 ಗ್ರಾಂ, ಸಿಪ್ಪೆಸಹಿತ ಸೇಬಿನಲ್ಲಿ ಸುಮಾರು 2.4 ಗ್ರಾಂ ನಾರಿನಂಶವಿದೆ.’ ಮೊದಲ ಅಧ್ಯಾಯದಲ್ಲೇ ‘ಇಲ್ಲಿ ನಾರು ಎಂದರೆ ಕಣ್ಣಿಗೆ ಕಾಣುವ ಎಳೆಯಷ್ಟೇ ಅಲ್ಲ’ ಎಂಬ ಒಂದು ಸಾಲು ಇರಲೇಬೇಕು.

ಇನ್ನು ‘ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ’. ಆಹಾರದ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 2009ರಲ್ಲಿ ಒಪ್ಪಿದ ವ್ಯಾಖ್ಯೆಯಲ್ಲಿ ‘ಸಣ್ಣ ಕರುಳಿನಲ್ಲಿ’ ಎಂಬ ಮಾತಿದೆ: ಮನುಷ್ಯನ ಸ್ವಂತ ಕಿಣ್ವಗಳು ಅಲ್ಲಿ ಒಡೆಯಲಾರದ ಕಾರ್ಬೋಹೈಡ್ರೇಟ್ ಸರಪಳಿ, ಹತ್ತು ಅಥವಾ ಹೆಚ್ಚು ಸಕ್ಕರೆ ಕೊಂಡಿಗಳದ್ದು. ಮೂರರಿಂದ ಒಂಬತ್ತು ಕೊಂಡಿಗಳವನ್ನು ಸೇರಿಸುವುದು ಬಿಡುವುದು ಆಯಾ ದೇಶಗಳಿಗೆ ಬಿಟ್ಟದ್ದು. ‘ಸಣ್ಣ ಕರುಳಿನಲ್ಲಿ’ ಬಿಟ್ಟುಹೋದರೆ ಅರ್ಧ ವಿಷಯವೇ ಬಿಟ್ಟುಹೋದಂತೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರಿನ ಒಂದು ಪಾಲನ್ನು ಹುದುಗೆಬ್ಬಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ಹುಟ್ಟಿಸುತ್ತವೆ. ಬ್ಯುಟಿರೇಟ್ ಅಲ್ಲಿನ ಒಳಪದರದ ಕೋಶಗಳಿಗೆ ಇಂಧನ. ಗ್ರಾಂ ನಾರಿಗೆ ಸುಮಾರು 2 ಕಿಲೊಕ್ಯಾಲೊರಿ ಎಂದು ಲೆಕ್ಕ ಹಿಡಿಯುವುದೂ ಇದರಿಂದಲೇ. ಹೆಚ್ಚುಕಡಿಮೆ ಹಾಗೇ ಹೊರಬೀಳುವುದು, ಗಿಡಗಳಿಗೆ ಮರದ ಗಡಸು ಕೊಡುವ ಲಿಗ್ನಿನ್‌ನಂಥದ್ದು. ‘ಹುದುಗುತ್ತದೆ’ ಎಂದರೆ ಅಡಗುತ್ತದೆ ಎಂದೂ ಆಗುವುದರಿಂದ ‘ಹುದುಗೇಳುತ್ತದೆ’ ಲೇಸು.

ಸಾಲ್ಯುಬಲ್‌ಗೆ ‘ಕರಗುವ’ ಸರಿ, ಆದರೆ ‘ತಿಂದದ್ದು ಕರಗಿತು’ ಎಂದರೆ ಅರಗಿತು ಎಂದೇ ಅರ್ಥವಾಗುತ್ತದೆ. ಕರಗುವ ನಾರು ಎಂದರೆ ಜೀರ್ಣವಾಗುವ ನಾರು ಎಂದು ಓದುಗರು ತಿಳಿದಾರು. ಕನಿಷ್ಠ ಮೊದಲ ಸಲವಾದರೂ ‘ನೀರಿನಲ್ಲಿ ಕರಗುವ’, ‘ನೀರಿನಲ್ಲಿ ಕರಗದ’ ಎಂದು ಪೂರ್ತಿ ಬರೆಯಿರಿ. ಕರಗುವುದೆಲ್ಲ ಹುದುಗೇಳುತ್ತದೆ ಎಂಬ ನಂಟನ್ನೂ ಕಟ್ಟಬೇಡಿ. ಇಸಬ್‌ಗೋಲ್ ನೀರಿನಲ್ಲಿ ಲೋಳೆಯಾದರೂ ಕರುಳಿನಲ್ಲಿ ಹುದುಗೇಳುವುದು ಬಹಳ ಕಡಿಮೆ. ಅದು ಕೊನೆಯವರೆಗೂ ನೀರು ಬಿಡದೆ ಹೋಗುವುದರಿಂದಲೇ ಮಲಬದ್ಧತೆ ನೀಗಲು ಒದಗುತ್ತದೆ.

ಕ್ರೂಡ್ ಫೈಬರ್‌ಗೆ ‘ಕಚ್ಚಾ ನಾರು’ ರೂಢಿಯಲ್ಲಿದೆ. ಹಸಿ ತರಕಾರಿಯ ನಾರು ಎಂದು ಓದುಗರು ಮೋಸಹೋಗದಿರಲಿ. ಅಲ್ಲಿ ಒರಟಾಗಿರುವುದು ಅಳತೆಯ ವಿಧಾನ: ಮಾದರಿಯನ್ನು ಸಾರಗುಂದಿಸಿದ ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ ಉಳಿದದ್ದನ್ನು ತೂಗುವುದು. ನೀರಿನಲ್ಲಿ ಕರಗುವ ನಾರೂ, ಸಸ್ಯಕೋಶಗಳ ಗೋಡೆಯಲ್ಲಿರುವ ಹೆಮಿಸೆಲ್ಯುಲೋಸಿನ ಬಹುಪಾಲೂ ಅಲ್ಲೇ ತೊಳೆದುಹೋಗುತ್ತವೆ. ಹಳೆಯ ಕೋಷ್ಟಕದ ಕಚ್ಚಾ ನಾರಿನ ಅಂಕಿಯನ್ನು ಹೊಸ ಕೋಷ್ಟಕದ ನಾರಿನಂಶದ ಪಕ್ಕ ಇಟ್ಟು ಹೋಲಿಸಿದರೆ ತಪ್ಪಾಗುತ್ತದೆ. ಎರಡಕ್ಕೂ ಬೇರೆಬೇರೆ ಹೆಸರು ಉಳಿಯಲೇಬೇಕು.

ಉತ್ತರ 2:

ಮೇಲಿನದಕ್ಕೆ ಎರಡು ಸೇರ್ಪಡೆ. ಬ್ರ್ಯಾನ್ ಮತ್ತು ಹಸ್ಕ್ ಎರಡಕ್ಕೂ ‘ಹೊಟ್ಟು’ ಎಂದು ಬರೆಯುವ ರೂಢಿಯಿದೆ. ತೂರಿದಾಗ ಹಾರುವುದು ಹೊಟ್ಟು, ಅದನ್ನು ತಿನ್ನುವುದಿಲ್ಲ. ಕಾಳನ್ನು ಪಾಲಿಶ್ ಮಾಡಿದಾಗ ಉದುರುವ ಪದರ ತೌಡು. ಗೋಧಿ ತೌಡಿನ 100 ಗ್ರಾಂನಲ್ಲಿ 40 ಗ್ರಾಂಗಿಂತ ಹೆಚ್ಚು ನಾರಿರುತ್ತದೆ. ಕೈಪಿಡಿಯಲ್ಲಿ ಬ್ರ್ಯಾನ್‌ಗೆ ‘ತೌಡು’ ಎಂದೇ ಬರಲಿ.

ಎರಡನೆಯದು ‘ಹೆಚ್ಚು ತಿನ್ನಬೇಕು’ ಎಂಬಲ್ಲಿನ ‘ಹೆಚ್ಚು’. ಎಷ್ಟು, ಹೇಗೆ ಎಂದು ಬರೆಯದಿದ್ದರೆ ಓದಿದವರು ಮರುದಿನವೇ ತಟ್ಟೆ ತುಂಬಿಸಿಕೊಂಡು, ಹೊಟ್ಟೆ ಉಬ್ಬರಿಸಿ, ಮೂರನೆಯ ದಿನಕ್ಕೆ ಕೈಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಹೇಳಿರುವುದು ದಿನಕ್ಕೆ ಕನಿಷ್ಠ 25 ಗ್ರಾಂ, ಅದೂ ಆಹಾರದಲ್ಲೇ ಸಹಜವಾಗಿರುವ ನಾರು. 2ರಿಂದ 5 ವರ್ಷದವರಿಗೆ 15, 6ರಿಂದ 9ರವರಿಗೆ 21 ಗ್ರಾಂ. ವಾಕ್ಯವನ್ನು ಹೀಗೆ ಬರೆಯಬಹುದು: ‘ನಾರುಳ್ಳ ಆಹಾರವನ್ನು ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚಿಸಿ.’ ಇಸಬ್‌ಗೋಲ್ ಇರುವ ಕಡೆ ‘ಲೋಟ ತುಂಬ ನೀರಿನೊಂದಿಗೆ’ ಎಂಬುದನ್ನು ಬಿಡಲೇಬಾರದು. ಒಣಗಿದ್ದನ್ನು ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಕರುಳು ಕಿರಿದಾಗಿರುವವರಿಗೆ ವೈದ್ಯರು ನಾರು ಕಡಿಮೆ ಮಾಡಲು ಹೇಳುವುದುಂಟು. ಹಾಗಾಗಿ ‘ಎಲ್ಲರೂ’ ಎಂಬ ಪದ ಎಲ್ಲಾದರೂ ಬಂದಿದ್ದರೆ ಅದನ್ನೂ ತೆಗೆಯಿರಿ.