ಬೇಸ್ ಗಿಟಾರಿನಲ್ಲಿ ಬೇಡದ ತಂತಿಯ ಸದ್ದು ನಿಲ್ಲಿಸುವುದು ಹೇಗೆ?

ಕುಂಬಳೆಯಿಂದ ಪ್ರಶ್ನೆ:
ನಾಲ್ಕು ತಂತಿಯ ಬೇಸ್ (ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ), ಗಾನಮೇಳದಲ್ಲಿ ಬೆರಳಿನಿಂದ ನುಡಿಸುವುದು. ‘ಎ’ ತಂತಿಯಿಂದ ‘ಡಿ’ಗೆ ಹೋದರೂ ‘ಎ’ಯ ಸದ್ದು ನಿಲ್ಲುವುದಿಲ್ಲ. ಕಂಪ್ರೆಸರ್ (ಜೋರು, ಮೆಲು ಸದ್ದಿನ ಅಂತರ ಕಡಿಮೆ ಮಾಡುವ ಸಾಧನ) ಹಾಕಿದರಂತೂ ಗುಂಯ್ ಎನ್ನುವುದು ಮತ್ತೂ ಜಾಸ್ತಿ. ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕಟ್ಟುವ ಲೋಹದ ಭಾಗ) ಹತ್ತಿರ ಸ್ಪಂಜ್ ಇಟ್ಟರೆ ಸರಿ ಆಗ್ತದಾ? ಗೊತ್ತಿದ್ದವರು ಹೇಳಿ.

ಮಂಜೇಶ್ವರದಿಂದ:
ಸ್ಪಂಜ್ ಆಮೇಲೆ ನೋಡುವ, ಮೊದಲು ಬಲಗೈ ನೋಡಿ. ‘ಡಿ’ ಮೀಟಿದ ಬೆರಳು ನೇರ ಹೋಗಿ ‘ಎ’ಯ ಮೇಲೆ ಕೂತರೆ ‘ಎ’ ತನ್ನಿಂದ ತಾನೇ ನಿಲ್ಲಬೇಕು. ನಿಲ್ಲುವುದಿಲ್ಲ ಅಂದರೆ ನೀವು ತಂತಿಯನ್ನು ಹೊರಗೆ ಎತ್ತಿ ಎಳೆಯುತ್ತಿದ್ದೀರಿ. ಬೆರಳನ್ನು ಬಾಡಿ ಕಡೆಗೆ ಒತ್ತಿ ಮೀಟಿ.

ಇನ್ನು ಹೆಬ್ಬೆರಳು. ಅದನ್ನು ಪಿಕಪ್ (ತಂತಿಯ ಕೆಳಗೆ ಸದ್ದು ಹಿಡಿಯುವ ಭಾಗ) ಮೇಲೆ ಊರಿಬಿಟ್ಟರೆ ‘ಇ’ಯನ್ನು ತಡೆಯುವವರಿಲ್ಲ. ‘ಡಿ’ ನುಡಿಸುವಾಗ ಹೆಬ್ಬೆರಳು ‘ಇ’ಯ ಮೇಲೆ ಇರಲಿ. ‘ಜಿ’ಗೆ ಹೋದಾಗ ಅದರ ತುದಿ ‘ಎ’ಗೆ ಜಾರಿ, ಬದಿ ‘ಇ’ಗೆ ತಾಗಿಕೊಂಡಿರಲಿ. ವಾಪಸು ಬರುವಾಗ ಹೆಬ್ಬೆರಳೂ ಜೊತೆಗೇ ಬರಬೇಕು. ಮೆಟ್ರೊನೋಮ್ (ಲಯ ತೋರಿಸುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬೇರೆ ವಾದ್ಯ ಇಲ್ಲದೆ ಅಭ್ಯಾಸ ಮಾಡಿ. ಡ್ರಮ್ಸ್ ಸದ್ದಿನಲ್ಲಿ ಈ ತಪ್ಪು ಕೇಳುವುದೇ ಇಲ್ಲ.

ಬದಿಯಡ್ಕದಿಂದ:
ಮೇಲೆ ಹೇಳಿದ್ದು ದಪ್ಪ ತಂತಿಗಳಿಗೆ. ತೆಳು ತಂತಿಗಳ ಹೊಣೆ ಎಡಗೈಯದ್ದು. ‘ಎ’ ಒತ್ತಿದಾಗ ತೋರುಬೆರಳಿನ ಉಳಿದ ಭಾಗ ‘ಡಿ’, ‘ಜಿ’ ಎರಡರ ಮೇಲೂ ಮೆತ್ತಗೆ ಮಲಗಿರಲಿ, ಒತ್ತುವುದು ಬೇಡ. ಸ್ವರ ಮುಗಿಸುವಾಗ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬೇಡಿ, ಒತ್ತಡ ಮಾತ್ರ ಬಿಡಿ. ಪಟ್ಟನೆ ಎತ್ತಿದರೆ ಖಾಲಿ ತಂತಿ ಮೊಳಗುತ್ತದೆ.

5, 7, 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಹತ್ತಿರ ಒಂದೇ ಬೆರಳಿನಿಂದ ತಡೆದರೆ ಗಂಟೆಯ ಹಾಗೆ ಹಾರ್ಮೋನಿಕ್, ಅಂದರೆ ತೆಳುವಾದ ಎತ್ತರದ ಸ್ವರ, ಹೊರಡುತ್ತದೆ. ಅಲ್ಲಿ ಕನಿಷ್ಠ ಎರಡು ಬೆರಳು ತಾಗಿಸಿ.

ಮೀಟದ ತಂತಿಯೂ ಕಂಪಿಸುತ್ತದೆ, ಅದು ಮರೆಯಬೇಡಿ. ಪರೀಕ್ಷೆ ಸುಲಭ: ‘ಎ’ ತಂತಿಯ 7ನೇ ಫ್ರೆಟ್ ನುಡಿಸಿ, ಕೂಡಲೇ ಆ ತಂತಿಯನ್ನು ನಿಲ್ಲಿಸಿ. ಅದೇ ಸ್ವರ ಖಾಲಿ ‘ಇ’ಯಿಂದ ಕೇಳುತ್ತಾ ಇರುತ್ತದೆ, ಏಕೆಂದರೆ ಆ ಸ್ವರದ 82.4 ಹರ್ಟ್ಸ್ (ಸೆಕೆಂಡಿಗೆ ಕಂಪನ) ‘ಇ’ಯ 41.2ರ ಸರಿಯಾಗಿ ಇಮ್ಮಡಿ. ಕಂಪ್ರೆಸರ್ ಜೋರು ಸದ್ದನ್ನು ಇಳಿಸಿ, ಒಟ್ಟು ಮಟ್ಟವನ್ನು ಏರಿಸುವುದರಿಂದ ಈ ಸಣ್ಣ ಗುಂಯ್ ಮುಂದೆ ಬರುತ್ತದೆ. ಕೈ ಸರಿಯಾಗುವವರೆಗೆ ಅದನ್ನು ಆಫ್ ಮಾಡಿಯೇ ಕಲಿಯಿರಿ.

ಕಾಸರಗೋಡಿನಿಂದ:
ಸ್ಪಂಜ್ ಎಲ್ಲ ತಂತಿಯ ಸ್ವರವನ್ನೂ ಗಿಡ್ಡ ಮಾಡುತ್ತದೆ, ಬೇಕಾದ್ದು ಬೇಡದ್ದು ಎಂದು ನೋಡುವುದಿಲ್ಲ. ಹಳೆಯ ಹಾಡುಗಳ ಗಿಡ್ಡ, ದುಂಡು ಸ್ವರಕ್ಕೆ ಬಹಳ ಚಂದ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸಿನ ಬ್ರಿಡ್ಜ್ ಮುಚ್ಚಳದೊಳಗೇ ಅಂಥ ಮ್ಯೂಟ್ ಇತ್ತು. ನಿಧಾನದ ಹಾಡಿಗೆ ಮಾತ್ರ ಆಗುವುದಿಲ್ಲ, ಉದ್ದ ಸ್ವರ ಅರ್ಧದಲ್ಲೇ ಸಾಯುತ್ತದೆ.

ಇಡುವುದಾದರೆ ಸೋಫಾ ಕುಶನ್ ಮಾಡುವ ಅಂಗಡಿಯಿಂದ ಮೆತ್ತನೆಯ ಫೋಮ್ ತುಂಡು ತನ್ನಿ. 7 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ಸಾಕು. ಬ್ರಿಡ್ಜ್ ಹತ್ತಿರ ತಂತಿಗೂ ಬಾಡಿಗೂ ಇರುವ ಅಂತರ ಅಳೆದು, ಅದಕ್ಕಿಂತ 3–4 ಮಿ.ಮೀ. ಹೆಚ್ಚು ದಪ್ಪದ್ದು ಕತ್ತರಿಸಿ. ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ತಾಗಿಸಿಯೇ ಇಡಿ. ಪಿಕಪ್ ಕಡೆ ಸರಿದಷ್ಟೂ ಸ್ವರ ಹೋಗಿ ‘ಟಕ್’ ಮಾತ್ರ ಉಳಿಯುತ್ತದೆ. ಫೋಮ್ ಬಿಗಿಯಾದರೆ ತಂತಿಯನ್ನು ಮೇಲಕ್ಕೆ ನೂಕಿ ಶ್ರುತಿ ಏರಿಸುತ್ತದೆ, ಇಟ್ಟ ಮೇಲೆ ಮತ್ತೆ ಟ್ಯೂನ್ ಮಾಡಿ. ನಡುವಿನ ಎರಡು ತಂತಿ ಸ್ವಲ್ಪ ಎತ್ತರದಲ್ಲಿರುವ ಬ್ರಿಡ್ಜ್ ಆದರೆ ಅವು ಮಾತ್ರ ಹೆಚ್ಚು ಮೊಳಗುತ್ತವೆ, ಆಗ ಫೋಮಿನ ಎರಡು ತುದಿಗಳನ್ನು ತುಸು ಕೆತ್ತಿ ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಅದು ತೇವ ಹಿಡಿದು ತಂತಿಗೆ ಅಲ್ಲೇ ತುಕ್ಕು ತರಿಸುತ್ತದೆ. ಕಾರ್ಯಕ್ರಮ ಮುಗಿದ ಕೂಡಲೇ ತೆಗೆದು, ತಂತಿಯನ್ನು ಒಣಬಟ್ಟೆಯಿಂದ ಒರೆಸಿ ಇಡಿ.

ಕುಂಬಳೆಯಿಂದ:
ಒಂದೇ ಹಾಡಿಗೆ ಮಾತ್ರ ಗಿಡ್ಡ ಸ್ವರ ಬೇಕಾದರೆ?

ಮಂಜೇಶ್ವರದಿಂದ:
ಫೋಮ್ ಬೇಡ ಮಾರಾಯ್ರೆ. ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ಸ್ಯಾಡಲ್ ಪಕ್ಕ ತಂತಿಗಳ ಮೇಲೆ ಇಟ್ಟು, ಹೆಬ್ಬೆರಳಿನಿಂದ ಮೀಟಿ. ಕೈ ಒಂದು ಸೆಂ.ಮೀ. ಮುಂದೆ ಹಿಂದೆ ಸರಿಸಿದರೆ ಸ್ವರ ಎಷ್ಟು ಉದ್ದ ಬೇಕೋ ಅಷ್ಟಕ್ಕೆ ನಿಲ್ಲುತ್ತದೆ.