ಒಂದು ಕಿವಿಗೋ, ಎರಡೂ ಕಿವಿಗೋ

ವಿಜಯಾ, ನಿನ್ನ ಅಪ್ಪನ ಎರಡೂ ಕಿವಿಗಳು ಹೆಚ್ಚುಕಡಿಮೆ ಒಂದೇ ಸಮನಾಗಿ ಮಂದವಾಗಿದ್ದರೂ ಒಂದೇ ಶ್ರವಣಸಾಧನ ಸಾಕೆಂದು ಅವನು ಕುಳಿತಿದ್ದಾನೆ, ಏನು ಮಾಡಲಿ ಎಂದು ನೀನು ಬೆಳಿಗ್ಗೆ ನಮ್ಮ ಮನೆಯವರ ಈ ಗುಂಪಿನಲ್ಲಿ ಕೇಳಿದ್ದನ್ನು ಓದಿದೆ. ಅವನ ಹಟ ನಿಮಗೆಲ್ಲ ಗೊತ್ತಿರುವುದೇ, ನಮ್ಮ ತಂದೆಯದೂ ಅದೇ ಸ್ವಭಾವ. ನಾನು ನನ್ನ ಎಡಗಿವಿಯ ಸಂಗತಿಯನ್ನಷ್ಟೇ ಬರೆಯುತ್ತೇನೆ, ಅವನಿಗೆ ಓದಿ ಹೇಳು.

ಮೊದಲ ಸಲ ಪರೀಕ್ಷೆ ಮಾಡಿಸಿದಾಗ ನನ್ನ ಆಡಿಯೋಗ್ರಾಮಿನಲ್ಲಿ, ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆಂದು ತೋರಿಸುವ ನಕ್ಷೆಯಲ್ಲಿ, ಎರಡು ಕಿವಿಗಳ ಗೆರೆಗಳೂ ಜೋಡೆತ್ತಿನಂತೆ ಒಟ್ಟೊಟ್ಟಿಗೇ ಇಳಿದಿದ್ದವು. ಎರಡಕ್ಕೂ ಹಾಕಿಸಿಕೊಳ್ಳಿ ಎಂದು ಪರೀಕ್ಷೆ ಮಾಡಿದ ಶ್ರವಣತಜ್ಞರು, ಆಡಿಯಾಲಜಿಸ್ಟ್, ಹೇಳಿದರೂ, ಎರಡು ಕಂಡರೆ ಜನ ನನ್ನನ್ನು ಪೂರಾ ಕಿವುಡಿ ಎಂದುಕೊಂಡಾರೆಂಬ ನಾಚಿಕೆಯಿಂದ, ಫೋನ್ ಹಿಡಿಯುವ ಬಲಗಿವಿಗೆ ಮಾತ್ರ ಒಂದನ್ನು ತಂದೆ. ಎದುರಿಗೆ ಕುಳಿತು ಒಬ್ಬರೇ ಮಾತನಾಡುವಾಗ ಏನೂ ಕೊರತೆ ಕಾಣಲಿಲ್ಲ. ಕಂಡದ್ದು ರಸ್ತೆಯಲ್ಲಿ. ಎಡಗಡೆಯಿಂದ ಬಂದ ಸ್ಕೂಟರಿನ ಹಾರ್ನ್ ನನಗೆ ಬಲಗಡೆಯಿಂದ ಕೇಳಿಸಿತು. ತಪ್ಪಿಸಿಕೊಳ್ಳಲೆಂದು ಎಡಕ್ಕೆ ಹೆಜ್ಜೆ ಇಟ್ಟೆ, ನೇರವಾಗಿ ಅದರ ಮುಂದಕ್ಕೇ. ಸ್ಕೂಟರಿನ ಕನ್ನಡಿಗೆ ಕೈಚೀಲ ಸಿಕ್ಕಿ ಹರಿದುಹೋಗಿ, ಹಿಡಿಯೊಂದೇ ನನ್ನ ಕೈಯಲ್ಲಿ ಉಳಿಯಿತು.

ಶಬ್ದ ಎತ್ತಲಿಂದ ಬಂತೆಂದು ಮಿದುಳು ತಿಳಿಯುವುದು ಎರಡೂ ಕಿವಿಗಳ ವರದಿಯನ್ನು ತಾಳೆ ಹಾಕಿ. ಪಕ್ಕದಿಂದ ಬರುವ ದನಿ ಆಚೆಯ ಕಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗಿ, ತಲೆ ಅಡ್ಡವಿರುವುದರಿಂದ ತುಸು ಮೆತ್ತಗಾಗಿ ತಲುಪುತ್ತದೆ. ಆ ವ್ಯತ್ಯಾಸವೇ ಗುರುತು. ಒಂದು ಕಿವಿಯನ್ನಷ್ಟೇ ಚುರುಕು ಮಾಡಿದರೆ ಲೋಕವೆಲ್ಲ ಆ ಪಕ್ಕದಲ್ಲೇ ನಿಂತು ಕೂಗಿದಂತಾಗುತ್ತದೆ. ಆದ್ದರಿಂದ ಕೇಳಬಲ್ಲ ಕಿವಿಯನ್ನು ಸುಮ್ಮನೆ ಬಿಡಬೇಡಿ.

ಇದಕ್ಕಿಂತ ದೊಡ್ಡ ನಷ್ಟ ಆರು ವರ್ಷಗಳ ಮೇಲೆ, ಎಡಗಿವಿಗೂ ಹಾಕಿಸಿಕೊಂಡಾಗ ಗೊತ್ತಾಯಿತು. ಸದ್ದು ಬಂತು, ಮಾತು ಬರಲಿಲ್ಲ. ಪದಗಳನ್ನು ಕೇಳಿಸಿ ತಿರುಗಿ ಹೇಳಿಸುವ ಪರೀಕ್ಷೆಯಲ್ಲಿ ಅವರು ‘ಹಾಲು’ ಎಂದರೆ ನಾನು ‘ಕಾಲು’ ಎಂದೆ, ‘ಮರ’ ಎಂದರೆ ‘ಬರ’ ಎಂದೆ. ಒಂದೇ ಕಿವಿಗೆ ಸಾಧನ ಧರಿಸಿದವರ ಬರಿಗಿವಿಯಲ್ಲಿ ಪದ ಗುರುತಿಸುವ ಶಕ್ತಿ ವರ್ಷಗಳುರುಳಿದಂತೆ ಕುಗ್ಗುವುದನ್ನು ಸಿಲ್ಮನ್ ಎಂಬ ಸಂಶೋಧಕ ಮತ್ತು ಜೊತೆಗಾರರು 1984ರಲ್ಲೇ ಬರೆದಿದ್ದಾರೆ. ಕೆಲವರಿಗೆ ಆ ಶಕ್ತಿ ಮರಳುತ್ತದೆ. ನನಗೆ ಅರ್ಧಂಬರ್ಧ ಮರಳಿದೆ. ಇನ್ನೊಮ್ಮೆ ಹೇಳುತ್ತೇನೆ, ಕೇಳಬಲ್ಲ ಕಿವಿಯನ್ನು ಸುಮ್ಮನೆ ಬಿಡಬೇಡಿ.

ಆ ಆರು ವರ್ಷ ನಮ್ಮವರು ನನ್ನೊಡನೆ ನಡೆದುಕೊಂಡ ರೀತಿಯನ್ನೂ ಹೇಳಬೇಕು. ಊಟಕ್ಕೆ ನನ್ನ ಎಡಕ್ಕೇ ಕುಳಿತು ಮಾತನಾಡಿ, ಏನೆಂದು ಕೇಳಿದರೆ ‘ಏನಿಲ್ಲ ಬಿಡಿ’ ಎನ್ನುತ್ತಿದ್ದರು. ಅತ್ತೆಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ನಕ್ಕವರ ಹೆಸರು ಬರೆಯುವುದಿಲ್ಲ, ಅವರೂ ಇದನ್ನು ಓದುತ್ತಿದ್ದಾರೆ. ಎದ್ದು ಬಲಕ್ಕೆ ಬಂದು ಕುಳಿತವನು, ವಿಜಯಾ, ನಿನ್ನ ಮಗನೊಬ್ಬನೇ.

ನೋಡು, ನೀನು ಕೇಳಿದ್ದಕ್ಕೆ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ. ಪದ ಗುರುತಿಸುವ ಪರೀಕ್ಷೆಯನ್ನು ಎರಡೂ ಕಿವಿಗೆ ಬೇರೆಬೇರೆಯಾಗಿ ಮಾಡಿಸು. ಕೊಳ್ಳುವ ಮೊದಲು ಕೆಲವು ದಿನ ಪ್ರಯೋಗಕ್ಕೆ ಕೊಡುತ್ತಾರೆಯೇ ಎಂದು ಕೇಳಿ, ಒಂದನ್ನೂ ಎರಡನ್ನೂ ಹಾಕಿಸಿ, ನಾಲ್ಕು ಜನ ಒಟ್ಟಿಗೆ ಮಾತನಾಡುವ ಕಡೆ ಕೂರಿಸು. ಮೌನದ ಕೋಣೆಯಲ್ಲಿ ಒಂದೇ ಸಾಕೆನ್ನಿಸುವುದು ಸಹಜ. ಒಂದು ಕಿವಿ ತೀರ ಸತ್ತಿದ್ದರೆ, ಅಥವಾ ಕೆಲವು ವೃದ್ಧರಿಗೆ ಆಗುವಂತೆ ಎರಡು ಹಾಕಿದಾಗಲೇ ಮಾತು ಕಲಸಿಹೋದರೆ, ಒಂದೇ ಸರಿ ಎಂದು ನಾನೂ ಒಪ್ಪುತ್ತೇನೆ. ಒಂದು ಕಿವಿ ಮಾತ್ರ ಹೆಚ್ಚು ಮಂದವಾಗಿದ್ದರೆ ಮೊದಲು ಕಿವಿಯ ವೈದ್ಯರಿಗೆ ತೋರಿಸು. ಥಟ್ಟನೆ ಕೇಳಿಸದಂತಾದರೆ ಅಂದೇ ಓಡು. ತಂದ ಮೇಲೆ ಕೆಂಪು ಗುರುತಿನದು ಬಲಕ್ಕೆ, ನೀಲಿಯದು ಎಡಕ್ಕೆ. ಅದಲುಬದಲು ಮಾಡಿಕೊಂಡು ಸರಿಯಿಲ್ಲ ಎಂದು ಅವನು ಎತ್ತಿಟ್ಟುಬಿಟ್ಟಾನು.