ಗಾಡಿ ಓಡುತ್ತಿರುವಾಗಲೇ ಸ್ಟೀರಿಯೋ ಆಫ್ ಆಗುತ್ತಿದೆ, ಸೆಟ್ಟೇ ಹೋಗಿದೆಯಾ?

ಘಾಟಿದಾರಿ:
ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಗಾಡಿ. ಎರಡು ವರ್ಷದ ಹಿಂದೆ ಹೊರಗಡೆ ಹೊಸ ಸ್ಟೀರಿಯೋ ಹಾಕಿಸಿದ್ದೆ. ಈಗ ಒಂದು ತಿಂಗಳಿಂದ ಹಾಡು ಬರುತ್ತಿರುವಾಗಲೇ ಆಫ್ ಆಗಿಬಿಡುತ್ತದೆ, ಒಮ್ಮೊಮ್ಮೆ ಎರಡು ಸೆಕೆಂಡಿಗೆ, ಒಮ್ಮೊಮ್ಮೆ ಹತ್ತು ನಿಮಿಷಕ್ಕೆ ತಾನಾಗೇ ವಾಪಸ್ ಬರುತ್ತದೆ. ಹಾಸನದಿಂದ ಮಂಗಳೂರಿಗೆ ಹೊರಟರೆ ಸಕಲೇಶಪುರ ಬರುವಷ್ಟರಲ್ಲಿ ಏಳೆಂಟು ಸಲ. ಹಂಪ್ ಮೇಲೆ ಜಾಸ್ತಿ, ಆದರೆ ನುಣುಪಾದ ರಸ್ತೆಯಲ್ಲೂ ಆಗಿದೆ. ಅಮ್ಮನಿಗೆ ಶಿರಾಡಿ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ, ಪೆನ್‌ಡ್ರೈವ್‌ನಲ್ಲಿ ಭಾವಗೀತೆ ಹಾಕಿದರೆ ಕಣ್ಣು ಮುಚ್ಚಿ ಕೂತಿರುತ್ತಾರೆ. ಅದಕ್ಕೇ ಇದು ಸರಿಹೋಗಲೇಬೇಕು. ಫ್ಯೂಸ್ ತೆಗೆದು ನೋಡಿದೆ, ಚೆನ್ನಾಗಿದೆ. ಅಂಗಡಿಯವರು ಹೊಸ ಸೆಟ್ ಹಾಕಿಸಿ ಅಂತಾರೆ.

ಕೆಂಪುಮಣ್ಣು:
ಬ್ಯಾಟರಿ ಟರ್ಮಿನಲ್ ನೋಡಿದಿರಾ? ನನ್ನ ಗಾಡಿಯಲ್ಲಿ ಮೈನಸ್ ಕ್ಲಾಂಪ್ ಲೂಸ್ ಆಗಿ ಹೀಗೇ ಆಗಿತ್ತು, ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ತೊಳೆದು ಬಿಗಿ ಮಾಡಿದ ಮೇಲೆ ಸರಿಹೋಯಿತು.

ಮೀಟರ್‌ಅಣ್ಣ:
ಟರ್ಮಿನಲ್ ನೋಡುವುದು ಒಳ್ಳೆಯದೇ. ಆದರೆ ತೊಂದರೆ ಅಲ್ಲೇ ಇದ್ದರೆ ಸೆಲ್ಫ್ ಹೊಡೆಯುವಾಗಲೂ ಗೊತ್ತಾಗುತ್ತದೆ ಅಲ್ವಾ? ಬರೀ ಸ್ಟೀರಿಯೋ ಹೋಗುತ್ತಿದೆ ಅಂದರೆ ಅದರ ಹಿಂದಿನ ವೈರಿಂಗ್ ಮೇಲೆ ನನಗೆ ಅನುಮಾನ. ಘಾಟಿದಾರಿ ಅವರೇ, ಒಂದು ಹೇಳಿ. ಆಫ್ ಆಗಿ ಬಂದಾಗ ಗಡಿಯಾರ ಸರಿ ಇರುತ್ತದಾ, 12:00ಕ್ಕೆ ಹೋಗುತ್ತದಾ?

ಘಾಟಿದಾರಿ:
12:00 ತೋರಿಸುತ್ತದೆ. ಸೇವ್ ಮಾಡಿದ ಎಫ್ಎಂ ಸ್ಟೇಷನ್‌ಗಳೂ ಇರುವುದಿಲ್ಲ, ಹಾಡು ಮೊದಲನೆಯದರಿಂದ ಶುರು. ಸೆಲ್ಫ್ ಒಂದೇ ಸಲಕ್ಕೆ ಹಿಡಿಯುತ್ತದೆ.

ಮೀಟರ್‌ಅಣ್ಣ:
ಹಾಗಾದರೆ ಅರ್ಧ ಕೆಲಸ ಮುಗಿಯಿತು. ಹೊರಗಡೆ ಸಿಗುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್ ಅಂದರೆ ಯಾವಾಗಲೂ ಇರುವ 12 ವೋಲ್ಟ್, ಗಡಿಯಾರ, ಸ್ಟೇಷನ್ ಎಲ್ಲ ನೆನಪಿಡುವುದು ಅದರಿಂದ. ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ ಬರುವುದು. ಕಪ್ಪು ಅರ್ಥ್, ಅಂದರೆ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಕೆಂಪು ಮಾತ್ರ ಕಟ್ ಆಗಿದ್ದರೆ ಸೆಟ್ ಆಫ್ ಆಗುತ್ತದೆ, ಟೈಮ್ ಹೋಗುವುದಿಲ್ಲ. ನಿಮ್ಮದರಲ್ಲಿ ನೆನಪೂ ಹೋಗುತ್ತಿರುವುದರಿಂದ ಮೊದಲು ಹಳದಿ, ಕಪ್ಪು ನೋಡಿ. ಕಾರ್ ಕಡೆಯ ವೈರ್‌ಗಳಲ್ಲಿ ಬಣ್ಣ ಬೇರೆ ಇರಬಹುದು, ಅದನ್ನು ನಂಬಬೇಡಿ, ವೋಲ್ಟ್ ಅಳೆಯುವ ಮಲ್ಟಿಮೀಟರ್ ನಂಬಿ.

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಸೆಟ್ ಆನ್ ಮಾಡಿ, ಸೌಂಡ್ ಜಾಸ್ತಿ ಕೊಡಿ. ಒಂದು ಕಡ್ಡಿ ಸೆಟ್ಟಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.2 ವೋಲ್ಟ್ ಒಳಗೆ ಇರಬೇಕು. ಹಾಗೇ ಹಿಡಿದುಕೊಂಡು ಇನ್ನೊಬ್ಬರಿಗೆ ವೈರ್ ಗೊಂಚಲು ಅಲ್ಲಾಡಿಸಲು ಹೇಳಿ, ನಂಬರ್ ಎಗರಿದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ಹಳದಿ ಮತ್ತು ಕಪ್ಪಿನ ನಡುವೆಯೂ ಹೀಗೇ ನೋಡಿ, ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಇರುವಷ್ಟೇ, ಸುಮಾರು 12.5, ಬರಬೇಕು. ಫ್ಯೂಸ್ ಚೆನ್ನಾಗಿದ್ದರೂ ಅದು ಕೂರುವ ಜಾಗ ಸಡಿಲ ಆಗಿರಬಹುದು, ಅದನ್ನೂ ಅಲ್ಲಾಡಿಸಿ ನೋಡಿ. ದಯವಿಟ್ಟು 10 ಆಂಪ್ ಜಾಗಕ್ಕೆ 20 ಹಾಕಬೇಡಿ, ಫ್ಯೂಸ್ ಉಳಿದು ವೈರ್ ಸುಡುತ್ತದೆ.

ಘಾಟಿದಾರಿ:
ಭಾನುವಾರ ಬಿಚ್ಚಿದೆ. ತಮ್ಮ ಅಲ್ಲಾಡಿಸಿದ, ಮೀಟರ್ 0.1 ಇದ್ದದ್ದು ಒಮ್ಮೆಲೇ 4 ದಾಟಿತು, ಸೆಟ್ ಆಫ್. ಕಪ್ಪು ವೈರನ್ನು ಬರೀ ಹೊಸೆದು ಟೇಪ್ ಸುತ್ತಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ ಬೆರಳಿಗೆಲ್ಲ ಹತ್ತಿತು, ಟೇಪ್ ಬಿಚ್ಚಿದರೆ ಒಳಗೆ ನಾಲ್ಕೈದು ಎಳೆ ಮಾತ್ರ ತಾಗಿಕೊಂಡಿವೆ, ಅವೂ ಹಸಿರುಗಟ್ಟಿವೆ. ಬ್ಯಾಟರಿ ಮೈನಸ್ ತೆಗೆದು, ವೈರ್ ಹಿಂದಕ್ಕೆ ಕತ್ತರಿಸಿ ಸೋಲ್ಡರ್ ಮಾಡಿ, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ನಿನ್ನೆ ಮಂಗಳೂರಿಗೆ ಹೋಗಿ ಬಂದೆವು, ಒಂದು ಸಲವೂ ನಿಲ್ಲಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.

ಮೀಟರ್‌ಅಣ್ಣ:
ಬಹಳ ಸಂತೋಷ. ಹಳದಿ, ಕೆಂಪು ಜಾಯಿಂಟ್ ಕೂಡ ಅದೇ ಕೈ ಹಾಕಿದ್ದು ಅಲ್ವಾ? ಡ್ಯಾಶ್‌ಬೋರ್ಡ್ ಇನ್ನೂ ಮುಚ್ಚಿಲ್ಲದಿದ್ದರೆ ಅವನ್ನೂ ಇವತ್ತೇ ಮಾಡಿಬಿಡಿ. ಹಳದಿ ಬಿಚ್ಚಿಕೊಂಡು ಗಾಡಿಯ ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ.